ಪೆಟ್ಟು ಬಿದ್ದ ಜಿಂಕೆಯ ಜಾಡು ನೋಡುವುದು ಹೇಗೆ?

ಮೂರು ವರ್ಷದ ಹಿಂದಿನ ಮಾತು. ಮೆಕ್ಕೆಜೋಳ ಎದೆಮಟ್ಟ ಬಂದಿತ್ತು. ಜಗಳೂರು ಕಡೆಯ ನಮ್ಮ ಹೊಲದ ಎದುರಿನ ರಸ್ತೆಯಲ್ಲಿ ಒಂದು ಜಿಂಕೆಗೆ ಗಾಡಿ ಬಡಿಯಿತು. ಬಿತ್ತು, ಎದ್ದಿತು, ಹಿಂಗಾಲು ಎಳೆಯುತ್ತಾ ಜೋಳದೊಳಗೆ ನುಗ್ಗಿತು. ನಾವು ಐದಾರು ಜನ ಹಿಂದೆ ಓಡಿದೆವು. ಹಿಡಿದು ಔಷಧಿ ಹಾಕಿಸೋಣ ಅನ್ನೋದು ನಮ್ಮ ಆಸೆ. ಅರ್ಧ ಗಂಟೆ ಅಟ್ಟಾಡಿಸಿ ಕೊನೆಗೆ ಹಳ್ಳದ ದಂಡೆಯಲ್ಲಿ ಹಿಡಿದೆವು. ಕೈ ಹಾಕಿದ ಹತ್ತೇ ನಿಮಿಷಕ್ಕೆ ಕತ್ತು ಹಿಂದಕ್ಕೆ ಸೆಟೆದು ಸತ್ತುಹೋಯಿತು.

ಆಮೇಲೆ ಬಂದ ಪಶುವೈದ್ಯರು ಕಾಲನ್ನು ಮುಟ್ಟಿ ನೋಡಿದರು. 'ಈ ಕಾಲಿನ ಪೆಟ್ಟಿಗೆ ಇದು ಸಾಯ್ತಿರಲಿಲ್ಲ, ಓಡಿಸಿದ್ದಕ್ಕೆ ಸತ್ತಿದೆ' ಅಂದರು. ಎಪ್ಪತ್ತೈದು ದಾಟಿದ ನಮ್ಮ ದೊಡ್ಡಪ್ಪ ಬದುವಿನ ಮೇಲೆ ಕೂತಿದ್ದರು. 'ಅದು ಎಲ್ಲಿಗೆ ಹೊಕ್ಕತಲೇ ತಮ್ಮಾ? ಬಿಟ್ಟಿದ್ರೆ ಅಲ್ಲೇ ಎಲ್ಲಾರ ಮಲಗ್ತಿತ್ತು. ಆಮೇಲೆ ನಿಧಾನಕ್ಕೆ ಹೋಗಿ ನೋಡಬೇಕು' ಅಂದರು.

ದೊಡ್ಡಪ್ಪ ಹುಡುಗರಾಗಿದ್ದಾಗ ಊರಲ್ಲಿ ನಾಡಬಂದೂಕುಗಳಿದ್ದವು. ಬೇಟೆಗೆ ಹೋದವರ ಹಿಂದೆ ಇವರೂ ಹೋಗುತ್ತಿದ್ದರು. ಗುಂಡು ಎಲ್ಲಿ ತಾಗಿದೆ, ಪ್ರಾಣಿ ಎಷ್ಟು ದೂರ ಹೋಗುತ್ತೆ, ಯಾವಾಗ ಹಿಂದೆ ಹೋಗಬೇಕು ಅನ್ನೋದನ್ನೆಲ್ಲ ಹಾಗೆ ನೋಡಿ ಕಲಿತರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು, ಅವರ ವಿದ್ಯೆ ಮೂಲೆ ಸೇರಿತು. ಈಗ ಅದೇ ವಿದ್ಯೆ ಪ್ರಾಣಿ ಉಳಿಸಲಿಕ್ಕೆ ಬೇಕಾಗಿದೆ. ಯಾಕಂದ್ರೆ ಗಾಡಿಗೆ ಸಿಕ್ಕ, ನಾಯಿ ಕಚ್ಚಿದ, ಉರುಳಿಗೆ ಬಿದ್ದ ಜಿಂಕೆ ನಿಂತಲ್ಲೇ ನಿಲ್ಲಲ್ಲ. ಅರಣ್ಯ ಇಲಾಖೆಯವರು ಬರುವ ಹೊತ್ತಿಗೆ ಅದು ಯಾವ ಪೊದೆಯಲ್ಲಿ ಮಲಗಿದೆ ಅಂತ ಯಾರಾದರೂ ಹೇಳಬೇಕಲ್ವಾ?

ಮೊದಲು ಫೋನು

ಅರಣ್ಯ ಇಲಾಖೆಯ ಸಹಾಯವಾಣಿ 1926. ಹೆದ್ದಾರಿಯಲ್ಲಿ ಆಗಿದ್ದರೆ 1033ಕ್ಕೂ ಹೇಳಬಹುದು. ಯಾವುದೂ ಸಿಗದಿದ್ದರೆ 112. ನಿಮ್ಮ ಭಾಗದ ಅರಣ್ಯ ಗಾರ್ಡ್ ನಂಬರ್ ಮೊಬೈಲಿನಲ್ಲಿ ಇಟ್ಟುಕೊಂಡರೆ ಇನ್ನೂ ವಾಸಿ, ನಮ್ಮಲ್ಲಿ ಜಾಸ್ತಿ ಕೆಲಸಕ್ಕೆ ಬರೋದು ಅದೇ. ಮೈಲಿಗಲ್ಲು, ಸರ್ವೆ ನಂಬರ್, ಹತ್ತಿರದ ದೇವಸ್ಥಾನ, ಏನಾದರೊಂದು ಗುರುತು ಹೇಳಿ. ಮೊಬೈಲಿನಲ್ಲಿ ಲೊಕೇಶನ್ ಕಳಿಸಿದರೆ ಮುಗಿದೇ ಹೋಯಿತು.

ಯಾವ ಪ್ರಾಣಿ ಅಂತಲೂ ಹೇಳಬೇಕು. ನಮ್ಮ ಕಡೆ ಎಲ್ಲದಕ್ಕೂ ಜಿಂಕೆ ಅಂತಲೇ ಕರೆದುಬಿಡುತ್ತೇವೆ. ಮೈಮೇಲೆ ಬಿಳಿ ಚುಕ್ಕೆ ಇದ್ದರೆ ಚುಕ್ಕೆ ಜಿಂಕೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಂಬು ತಿರುಪಿನ ಹಾಗೆ ಸುತ್ತಿದ್ದರೆ ಗಂಡು ಕೃಷ್ಣಮೃಗ. ಮೇಕೆಯಷ್ಟೇ ಎತ್ತರ, ಕಂದು ಬಣ್ಣ, ಒಂಟಿಯಾಗಿ ಅಥವಾ ಜೋಡಿಯಾಗಿ ಓಡಾಡೋದು ಕೊಂಡುಕುರಿ. ಅದರ ಗಂಡಿಗೆ ನಾಲ್ಕು ಕೊಂಬು. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ ಇದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಜೀವಿಧಾಮ ಆಗಿರೋದೇ ಇದಕ್ಕೋಸ್ಕರ.

ಎಲ್ಲಿ ಪೆಟ್ಟಾಯಿತು ಅಂತ ಕಣ್ಣಿಟ್ಟು ನೋಡಿ

ಬೇಟೆಗೆ ಅನುಮತಿ ಇರುವ ಜರ್ಮನಿ, ಅಮೆರಿಕದಂಥ ದೇಶಗಳಲ್ಲಿ ಬೇಟೆಗಾರರಿಗೆ ಕಲಿಸುವ ಮೊದಲ ಪಾಠ ಗುಂಡು ಎಲ್ಲಿ ತಾಗಬೇಕು ಅನ್ನೋದು. ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ, ಎದೆಗೂಡಿನ ಕೆಳಭಾಗ. ಹೃದಯ, ಶ್ವಾಸಕೋಶ ಎರಡೂ ಇರೋದು ಅಲ್ಲೇ. ಅಲ್ಲಿ ತಾಗಿದರೆ ಪ್ರಾಣಿ ಒಂದಷ್ಟು ದೂರ ಓಡಿ ಬೀಳುತ್ತೆ, ನರಳೋದು ಕಡಿಮೆ. ತಲೆಗೆ ಹೊಡೆಯಬೇಡಿ ಅಂತಾರೆ, ಯಾಕಂದ್ರೆ ತಲೆ ಚಿಕ್ಕದು, ಸುಮ್ನೆ ಇರಲ್ಲ. ದವಡೆ ಮುರಿದ ಪ್ರಾಣಿ ಮೇಯಲಾಗದೆ ದಿನಗಟ್ಟಲೆ ನರಳಿ ಸಾಯುತ್ತೆ. ಹೊಟ್ಟೆಗೆ ತಾಗಿದರೆ ತಕ್ಷಣ ಸಾಯಲ್ಲ. ಗಂಟೆಗಟ್ಟಲೆ ಕಾದು ಆಮೇಲೆ ಜಾಡು ಹಿಡಿಯುತ್ತಾರೆ. ಜರ್ಮನಿಯಲ್ಲಂತೂ ಗಾಯವಾದ ಪ್ರಾಣಿಯನ್ನು ಹುಡುಕದೆ ಬಿಡುವ ಹಾಗಿಲ್ಲ. ಹಳೆಯ ನೆತ್ತರ ವಾಸನೆ ಹಿಡಿಯುವ ನಾಯಿಗಳನ್ನು ಅದಕ್ಕೆಂದೇ ಪಳಗಿಸಿರುತ್ತಾರೆ.

ಇದು ನಮಗ್ಯಾಕೆ ಅಂತೀರಾ? ಲೆಕ್ಕ ಒಂದೇ. ಗಾಯ ಎಲ್ಲಿದೆ ಅಂತ ಗೊತ್ತಾದರೆ ಪ್ರಾಣಿ ಏನು ಮಾಡುತ್ತೆ ಅಂತ ಊಹೆ ಮಾಡಬಹುದು. ಗಾಡಿ ಬಡಿದಾಗ ಹೊರಗೆ ರಕ್ತ ಕಮ್ಮಿ, ಒಳಪೆಟ್ಟು ಜಾಸ್ತಿ. ನಾಯಿಗಳು ಸಾಮಾನ್ಯವಾಗಿ ತೊಡೆ, ಹಿಂಭಾಗ ಹಿಡಿಯುತ್ತವೆ. ಉರುಳು ಕತ್ತಿಗೆ ಇಲ್ಲವೇ ಕಾಲಿಗೆ ಬೀಳುತ್ತೆ. ಓಡುವಾಗ ಬೆನ್ನು ಗೂನು ಮಾಡಿ ನಿಧಾನಕ್ಕೆ ಹೋಯಿತಾ? ಹೊಟ್ಟೆಗೆ ಪೆಟ್ಟಾಗಿರಬಹುದು. ಕಾಲು ನೇತಾಡುತ್ತಿತ್ತಾ? ಮೂರು ಕಾಲಿನಲ್ಲೂ ಅದು ಮೈಲಿಗಟ್ಟಲೆ ಹೋಗಬಲ್ಲದು. ಕೊನೆಗೆ ಯಾವ ಗಿಡದ ಹತ್ತಿರ ಕಣ್ಮರೆಯಾಯಿತು? ಆ ಗಿಡ ಮರೀಬೇಡಿ. ಜಾಡು ಶುರುವಾಗೋದೇ ಅಲ್ಲಿಂದ.

ಈಗ ಕೂತ್ಕೊಳ್ಳಿ

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ಜನ ಸೇರಿರುತ್ತಾರೆ. ಒಬ್ಬ ವಿಡಿಯೋ ಮಾಡ್ತಿರುತ್ತಾನೆ, ಇನ್ನೊಬ್ಬ ಆ ಕಡೆಯಿಂದ ಅಟ್ಟೋಣ ಅಂತಾನೆ. ಎಲ್ಲರನ್ನೂ ರಸ್ತೆಯಲ್ಲೇ ನಿಲ್ಲಿಸಿ. ನಾಯಿಗಳನ್ನು ಕಟ್ಟಿಸಿ.

ಜಿಂಕೆ ಜಾತಿಯ ಪ್ರಾಣಿ ಹೆದರಿ ಪ್ರಾಣ ಒತ್ತೆಯಿಟ್ಟು ಓಡಿದಾಗ ಅದರ ಮಾಂಸಖಂಡಗಳೇ ಒಳಗೊಳಗೆ ಹಾಳಾಗುತ್ತವೆ. ಆ ಕೊಳೆ ರಕ್ತಕ್ಕೆ ಸೇರುತ್ತೆ, ಮೂತ್ರಪಿಂಡ ಕೈಕೊಡುತ್ತೆ, ಹೃದಯ ನಿಲ್ಲುತ್ತೆ. ಕೆಲವು ಆಗಲೇ ಸಾಯುತ್ತವೆ. ಕೆಲವು ಚೆನ್ನಾಗೇ ಇದ್ದ ಹಾಗೆ ಕಂಡು ಎರಡು ಮೂರು ದಿನ ಬಿಟ್ಟು ಸಾಯುತ್ತವೆ. ಇದು ಶುರುವಾದ ಮೇಲೆ ಔಷಧಿಯಿಂದ ಉಳಿಸೋದು ತುಂಬಾ ಕಷ್ಟ. ನಮ್ಮ ಹೊಲದಲ್ಲಿ ಆಗಿದ್ದು ಇದೇ.

ಯಾರೂ ಹಿಂದೆ ಬರುತ್ತಿಲ್ಲ ಅಂತ ಗೊತ್ತಾದರೆ ಗಾಯಗೊಂಡ ಪ್ರಾಣಿ ಹತ್ತಿರದಲ್ಲೇ ನೆರಳು ನೋಡಿಕೊಂಡು ಮಲಗುತ್ತೆ. ಬೇಟೆಗಾರ ಕಾಯೋದು ಅದು ಅಲ್ಲೇ ಸಾಯಲಿ ಅಂತ. ನಾವು ಕಾಯೋದು ಅದು ಸಾಯದೇ ಇರಲಿ ಅಂತ. ಕನಿಷ್ಠ ಅರ್ಧ ಗಂಟೆ. ಇಲಾಖೆಯವರು ಬೇಗ ಬರುತ್ತೇವೆ ಅಂದಿದ್ದರೆ ಅವರು ಬರುವ ತನಕ.

ಜಾಡು ನೋಡುವ ಕ್ರಮ

ಇಬ್ಬರು ಸಾಕು. ಒಬ್ಬ ನೆಲ ನೋಡಬೇಕು, ಇನ್ನೊಬ್ಬ ಮುಂದೆ ನೋಡಬೇಕು. ನಿಮ್ಮ ಕೆಲಸ ಮಲಗಿದ ಜಾಗ ಪತ್ತೆ ಮಾಡೋದು. ಹಿಡಿಯೋದಲ್ಲ.

ಹೆಜ್ಜೆಯ ಮೇಲೆ ಕಾಲಿಡಬೇಡಿ, ಪಕ್ಕಕ್ಕೇ ನಡೆಯಿರಿ. ಹೊಸಬರು ಕಾಲಬುಡದಲ್ಲೇ ನೋಡುತ್ತಾರೆ, ಎರಡು ಮಾರು ಮುಂದೆ ನೋಡೋದು ಅಭ್ಯಾಸ ಮಾಡಿಕೊಳ್ಳಿ. ಬೆಳಗಿನ, ಸಂಜೆಯ ಇಳಿಬಿಸಿಲಲ್ಲಿ ಹೆಜ್ಜೆ ಚೆನ್ನಾಗಿ ಕಾಣುತ್ತೆ. ಹೆಜ್ಜೆ ನಿಮಗೂ ಸೂರ್ಯನಿಗೂ ನಡುವೆ ಬರುವ ಹಾಗೆ ನಿಂತರೆ ಗೊರಸಿನ ಅಂಚಿನಲ್ಲಿ ನೆರಳು ಬೀಳುತ್ತೆ. ನಡುಮಧ್ಯಾಹ್ನ ನೆಲವೆಲ್ಲ ಒಂದೇ ಥರ.

ಕುರಿ-ಮೇಕೆ ಓಡಾಡಿದ ಜಾಗದಲ್ಲಿ ಗೊಂದಲ ಆಗೋದು ಸಹಜ. ಮೇಕೆಯ ಗೊರಸಿನ ತುದಿ ಮೊಂಡು. ಜಿಂಕೆಯದು ಸೀಳಿದ ಹುಣಸೆ ಬೀಜ ಜೋಡಿಸಿಟ್ಟ ಹಾಗೆ, ತುದಿ ಚೂಪು. ಓಡಿದಾಗ ಎರಡು ಸೀಳು ಅಗಲವಾಗುತ್ತವೆ, ಮುಂದಿನ ತುದಿ ಆಳಕ್ಕೆ ಇಳಿದು ಹಿಂದೆ ಮಣ್ಣು ಚಿಮ್ಮಿರುತ್ತೆ. ನಡೆದಾಗ ಸೀಳು ಕೂಡಿಕೊಂಡಿರುತ್ತೆ. ಓಡಿದ ಹೆಜ್ಜೆ ನಡೆದ ಹೆಜ್ಜೆಯಾದ ಜಾಗ ಸಿಕ್ಕಿತೇ? ಅಲ್ಲಿಂದ ಮುಂದೆ ಹುಷಾರು. ಪ್ರಾಣಿ ಮಲಗಲು ಜಾಗ ಹುಡುಕುತ್ತಿದೆ ಅಂತ ಅರ್ಥ. ನೋವಾದ ಕಾಲಿನ ಹೆಜ್ಜೆ ತೇಲಿಕೊಂಡಿರುತ್ತೆ, ಅದರ ಎದುರಿನದು ಆಳವಾಗಿರುತ್ತೆ. ಎಳೆದ ಕಾಲಾದರೆ ಗೀರು ಬಿದ್ದಿರುತ್ತೆ.

ಹೆಜ್ಜೆ ಹೊಸದೋ ಹಳೆಯದೋ? ಅಂಚು ಚೂಪಾಗಿದ್ದರೆ ಹೊಸದು. ಇರುವೆ ಸಾಲು ಅದರ ಮೇಲೆ ದಾರಿ ಮಾಡಿಕೊಂಡಿದ್ದರೆ, ಮಳೆಹನಿಯ ಗುಳಿ ಒಳಗೆ ಬಿದ್ದಿದ್ದರೆ ಹಳೆಯದು.

ಇನ್ನು ನೆತ್ತರು. ಎರೆ ಹೊಲದಲ್ಲಿ ಒಣಗಿದ ಹನಿ ಕಾಣೋದೇ ಇಲ್ಲ, ಕೆಂಪು ಮಣ್ಣಿನಲ್ಲೂ ಅಷ್ಟೇ. ಅದಕ್ಕೆ ನೆಲ ಬಿಟ್ಟು ಎಲೆ, ಹುಲ್ಲಿನ ಗರಿ, ಕಲ್ಲು ನೋಡಿ. ಗಿಡಕ್ಕೆ ಎಷ್ಟು ಎತ್ತರದಲ್ಲಿ ಒರೆಸಿದೆ ಅನ್ನೋದರಲ್ಲೇ ಗಾಯದ ಎತ್ತರ ಗೊತ್ತಾಗುತ್ತೆ. ಓಡುವಾಗ ಬಿದ್ದ ಹನಿಗೆ ಬಾಲ ಇರುತ್ತೆ, ಬಾಲ ಹೋದ ದಿಕ್ಕನ್ನು ತೋರಿಸುತ್ತೆ. ತಿಳಿಗೆಂಪು, ನೊರೆನೊರೆಯಾಗಿದ್ದರೆ ಶ್ವಾಸಕೋಶಕ್ಕೆ ಪೆಟ್ಟು, ತಕ್ಷಣ ಫೋನ್ ಮಾಡಿ ಹೇಳಿ. ಕಪ್ಪುಗೆಂಪಾಗಿದ್ದರೆ ಪಿತ್ತಜನಕಾಂಗ ಇರಬಹುದು, ಬರೀ ಮಾಂಸದ ಗಾಯವೂ ಇರಬಹುದು. ಹಸಿರು ಮಿಶ್ರವಾಗಿ ಕೆಟ್ಟ ವಾಸನೆ ಬಂದರೆ ಹೊಟ್ಟೆ ಒಡೆದಿದೆ. ಕಾಲಿನ ಗಾಯದಲ್ಲಿ ಮೊದಲು ಬಹಳ ಸುರಿದು ಆಮೇಲೆ ನಿಂತುಹೋಗುತ್ತೆ. ನೆತ್ತರು ನಿಂತಿತು ಅಂತ ಪ್ರಾಣಿ ಹುಷಾರಾಯಿತು ಅಂದುಕೊಳ್ಳಬೇಡಿ.

ಒಂದು ಸಲ ನಾನು ಮೆಕ್ಕೆಜೋಳದ ಸಾಲಿನಲ್ಲಿ ಕಾಲು ಗಂಟೆ 'ರಕ್ತದ ಜಾಡು' ಹಿಡಿದು ಹೋಗಿದ್ದೆ. ಎಲೆಎಲೆಗೂ ಕಂದುಗೆಂಪು ಚುಕ್ಕೆ. ಹಿಂದೆ ಬಂದ ದೊಡ್ಡಪ್ಪ ಬೆರಳಿಗೆ ಎಂಜಲು ಹಚ್ಚಿ ಒಂದು ಚುಕ್ಕೆ ಉಜ್ಜಿದರು. ಬೆರಳಿಗೆ ಇಟ್ಟಿಗೆ ಪುಡಿಯಂಥದ್ದು ಅಂಟಿತು. ತುಕ್ಕು ರೋಗ! 'ನಿಮ್ ಜೋಳಕ್ಕೆ ಔಷಧಿ ಹೊಡೀರಿ ಮೊದ್ಲು' ಅಂದರು. ನೆತ್ತರಾದರೆ ಒದ್ದೆ ಬೆರಳಿಗೆ ಕೆಂಪಾಗಿ ಕರಗುತ್ತೆ. ರಸ್ತೆಯಂಚಿನಲ್ಲಾದರೆ ಇನ್ನೊಂದು ಮೋಸ ಇದೆ, ಎಲೆಅಡಿಕೆ ಉಗುಳು. ಅದನ್ನು ಮಾತ್ರ ಬೆರಳಲ್ಲಿ ಮುಟ್ಟಿ ಪರೀಕ್ಷೆ ಮಾಡಬೇಡಿ.

ಪ್ರತಿ ಗುರುತು ಸಿಕ್ಕಾಗಲೂ ಹತ್ತಿರದ ಗಿಡಕ್ಕೆ ಒಂದು ಬಟ್ಟೆ ಚೂರು ಕಟ್ಟಿ. ಜಾಡು ತಪ್ಪಿದರೆ ಅಲ್ಲಾಡದೆ ಹಿಂದಕ್ಕೆ ತಿರುಗಿ ನೋಡಿ. ಕಟ್ಟಿದ ಚೂರುಗಳೆಲ್ಲ ಸಾಲಾಗಿ ಕಾಣುತ್ತವೆ, ಪ್ರಾಣಿ ಯಾವ ಕಡೆ ಮುಖ ಮಾಡಿದೆ ಅಂತ ಅದೇ ಹೇಳುತ್ತೆ. ಕೊನೆಯ ಚೂರಿನಿಂದ ಸಣ್ಣ ಸುತ್ತು ಹಾಕಿ, ಸಿಗದಿದ್ದರೆ ಸುತ್ತು ದೊಡ್ಡದು ಮಾಡಿ. ಹಳ್ಳದ ದಂಡೆ, ಬಂದ್ರೆ ಗಿಡದ ಪೊದೆ, ಜಾಲಿ ನೆರಳು, ಬದುವಿನ ಮರೆ, ಇವನ್ನು ಮೊದಲು ನೋಡಿ.

ಯಾವಾಗ ವಾಪಸ್ ಬರಬೇಕು

ಕತ್ತಲಾದರೆ. ಜೋಗಿಮಟ್ಟಿ ಸುತ್ತಮುತ್ತ, ರಂಗಯ್ಯನದುರ್ಗದ ಗುಡ್ಡದ ಕಡೆ ಚಿರತೆ, ಕರಡಿ ಇವೆ. ನೆತ್ತರ ವಾಸನೆ ಹಿಡಿದು ಹೊರಟವರು ನೀವೊಬ್ಬರೇ ಅಂದುಕೊಳ್ಳಬೇಡಿ. ಜಾಡು ಕಾಯ್ದಿಟ್ಟ ಅರಣ್ಯದೊಳಗೆ ಹೋಗಿದ್ದರೂ ಅಲ್ಲೇ ನಿಲ್ಲಿಸಿ. ಅಲ್ಲಿಗೆ ಅನುಮತಿ ಇಲ್ಲದೆ ಹೋದರೆ ನಿಮ್ಮ ಮೇಲೇ ಕೇಸಾಗುತ್ತೆ.

ಮಲಗಿದ್ದು ಕಂಡಾಗ

ಕಿವಿ ಆಡಿತಾ, ಹೊಟ್ಟೆ ಏರಿಳಿಯುತ್ತಾ, ದೂರದಿಂದಲೇ ನೋಡಿ. ಲೊಕೇಶನ್ ಕಳಿಸಿ ಹಿಂದೆ ಸರಿಯಿರಿ. ಗಾರ್ಡ್ ಅಥವಾ ವೈದ್ಯರು ಫೋನಿನಲ್ಲಿ ಹಿಡಿಯಿರಿ ಅಂದರೆ ಮಾತ್ರ ಹಿಡಿಯಬೇಕು. ಹಿಂದಿನಿಂದ ಹೋಗಿ ಮೊದಲು ಕಣ್ಣಿನ ಮೇಲೆ ಟವೆಲ್ ಹಾಕಿ. ಕಣ್ಣು ಮುಚ್ಚಿದರೆ ಗಾಬರಿ ಅರ್ಧ ಇಳಿಯುತ್ತೆ. ಮೂಗು ಮುಚ್ಚಬೇಡಿ. ಅಡ್ಡ ಮಲಗಿಸಬೇಡಿ, ಹಸು ಮೆಲುಕು ಹಾಕುವಾಗ ಕೂರುವ ಹಾಗೆ ಎದೆಯ ಮೇಲೆ ಕೂರಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತೆ, ಮೇವು ಶ್ವಾಸನಾಳಕ್ಕೆ ಬರುತ್ತೆ. ಬಾಯಿಗೆ ನೀರು ಹುಯ್ಯೋದೂ ಬೇಡ. ಪಾಪ ಬಾಯಾರಿದೆ ಅಂತ ಎಲ್ಲರೂ ಮಾಡುವ ತಪ್ಪು ಅದು. ಮಾತು ಬೇಡ, ಸೆಲ್ಫಿ ಬೇಡ. ನಾಯಿ ಕಚ್ಚಿದ ಜಿಂಕೆಯ ಜೊಲ್ಲು ಮುಟ್ಟಬಾರದು, ಹುಚ್ಚುನಾಯಿ ರೋಗದ ಅಪಾಯ ಇರುತ್ತೆ. ಮುಟ್ಟಿದ್ದರೆ ಸೋಪಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ.

ತಂತಿ ಉರುಳಿನಲ್ಲಿ ಸಿಕ್ಕಿದ್ದರೆ ಕೊಯ್ದು ಓಡಿಸಬೇಡಿ. ಕತ್ತಿನಲ್ಲಿ ಉಳಿದ ತಂತಿ ದಿನದಿನಕ್ಕೂ ಮಾಂಸದೊಳಗೆ ಇಳಿಯುತ್ತೆ. ಉರುಳು ಹಂದಿಗೆ ಇಟ್ಟಿದ್ದು, ಜಿಂಕೆಗಲ್ಲ ಅನ್ನುವವರಿಗೆ ಒಂದು ಮಾತು. ಉರುಳು ಒಡ್ಡೋದೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಕೃಷ್ಣಮೃಗ, ಕೊಂಡುಕುರಿ ಎರಡೂ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಸತ್ತು ಸಿಕ್ಕರೂ ಅದು ಸರ್ಕಾರದ ಸ್ವತ್ತು. ಕೊಂಬು, ಚರ್ಮ, ಮಾಂಸ ಯಾವುದನ್ನೂ ಮುಟ್ಟುವ ಹಾಗಿಲ್ಲ.

ಹೋದ ವರ್ಷ ನಾಯಿ ಕಚ್ಚಿದ ಒಂದು ಹೆಣ್ಣು ಜಿಂಕೆ ನಮ್ಮ ಶೇಂಗಾ ಹೊಲ ದಾಟಿ ಹೋಗಿತ್ತು. ಈ ಸಲ ಯಾರೂ ಓಡಲಿಲ್ಲ. ಮುಕ್ಕಾಲು ಗಂಟೆ ಬದುವಿನ ಮೇಲೆ ಕೂತು ದೊಡ್ಡಪ್ಪನ ಹಳೆ ಪಂಚೆ ಹರಿದು ಚೂರು ಮಾಡಿಕೊಂಡೆವು. ಹನ್ನೊಂದು ಚೂರು ಕಟ್ಟುವ ಹೊತ್ತಿಗೆ ಹಳ್ಳದಾಚೆ ಜಾಲಿ ಮರದ ಬುಡದಲ್ಲಿ ಎರಡು ಕಿವಿ ಕಂಡವು. ಅಲ್ಲೇ ನಿಂತೆವು. ಗಾರ್ಡ್ ಬಂದು, ಬಲೆ ಹಾಕಿ, ಕಣ್ಣು ಕಟ್ಟಿ, ಜೀಪಿಗೆ ಹಾಕಿಕೊಂಡು ಹೋದರು. ಹೊಲಿಗೆ ಹಾಕಿ, ಗಾಯ ಮಾಗಿದ ಮೇಲೆ ಕಾಡಿಗೆ ಬಿಟ್ಟರು ಅಂತ ಅವರೇ ಫೋನ್ ಮಾಡಿ ಹೇಳಿದರು.

ವಾಪಸ್ ಬರುವಾಗ ಕಟ್ಟಿದ ಚೂರುಗಳನ್ನು ಎಣಿಸಿ ಬಿಚ್ಚಿಕೊಂಡು ಬನ್ನಿ. ಬಿಟ್ಟು ಬಂದರೆ ಮೇಕೆ ತಿನ್ನುತ್ತವೆ. ನಮ್ಮದು ಹತ್ತೇ ಸಿಕ್ಕವು.