ಲೋಡು ಹಾಕಿ ಘಾಟಿ ಹತ್ತುವ ಪಿಕಪ್: ಡೀಸೆಲ್ ಉಳಿಸುವುದು, ಟ್ರೈಲರ್ ಎಳೆಯುವುದು ಹೇಗೆ

ರೊಬಸ್ಟಾ ಕಾಫಿ ಕೊಯ್ಲು ಶುರುವಾಯಿತೆಂದರೆ ನಮ್ಮ ಕೊಡಗಿನ ಕಡೆ ಪಿಕಪ್ ಇಟ್ಟ ಇಬ್ಬರು ಸಿಕ್ಕಿದಾಗ ಮೊದಲ ಮಾತು ಒಂದೇ. ನಿಮ್ದು ಲೀಟರಿಗೆ ಎಷ್ಟು ಕಿಮೀ ಕೊಡುತ್ತೆ? ಒಬ್ಬರು 13 ಅನ್ನುತ್ತಾರೆ, ಇನ್ನೊಬ್ಬರು 9 ಅನ್ನುತ್ತಾರೆ, ನೋಡಿದರೆ ಇಬ್ಬರದ್ದೂ ಒಂದೇ ಗಾಡಿ, ಒಂದೇ ಇಂಜಿನ್. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಗೋಣಿಕೊಪ್ಪಲಿನಿಂದ ಹುಣಸೂರು ಕಡೆಗೆ ಓಡಿಸುವವರು, ಇನ್ನೊಬ್ಬರು ವಾರಕ್ಕೆ ಎರಡು ಸಲ ಸಂಪಾಜೆ ಘಾಟಿ ಇಳಿದು ಹತ್ತುವವರು. ಹಾಗಾಗಿ ಬೇರೆಯವರ ಲೆಕ್ಕ ಬಿಡಿ, ಮೊದಲು ನಿಮ್ಮ ಗಾಡಿಯ ಲೆಕ್ಕ ತಿಳಿದುಕೊಳ್ಳಿ.

ಅದಕ್ಕೆ ಡ್ಯಾಶ್‌ಬೋರ್ಡಿನ ಮೀಟರನ್ನು ಪೂರ್ತಿ ನಂಬಬೇಡಿ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಪಂಪು ತಾನಾಗಿ ಕಟ್ ಆದ ಮೇಲೆ ಮತ್ತೆ ತುರುಕಿಸಬೇಡಿ. ಕಿಲೋಮೀಟರ್ ಬರೆದಿಡಿ, ಒಂದು 300 ಕಿಮೀ ಓಡಿಸಿ, ಮತ್ತೆ ಅಲ್ಲೇ ಹೋಗಿ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿದರೆ ಆಯಿತು. ಪಕ್ಕದಲ್ಲಿ ಇನ್ನೆರಡು ವಿಷಯ ಬರೆಯಿರಿ: ಎಷ್ಟು ತೂಕ ಹಾಕಿದ್ದಿರಿ, ಯಾವ ರಸ್ತೆ. ಇವೆರಡು ಇಲ್ಲದೆ ಬರೀ ಮೈಲೇಜ್ ಬರೆದಿಟ್ಟರೆ ನಮ್ಮ ಊರಿನಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಅದರಲ್ಲಿ ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು, ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಒಂದು ಟನ್ ತೂಕವನ್ನು 1000 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವುದು ಸುಮಾರು 10 ಮೆಗಾಜೂಲ್. ಅಂದರೆ ಒಂದು ಟನ್, 1000 ಮೀಟರ್ ಏರು, ಹೆಚ್ಚುಕಡಿಮೆ ಒಂದು ಲೀಟರ್. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಕೊಡಗಿನ ಯಾವ ರಸ್ತೆಗೂ ಲೆಕ್ಕ ಹಾಕಬಹುದು.

ಸಂಪಾಜೆಯಿಂದ ಮಡಿಕೇರಿಗೆ ಏರು ಹತ್ತಿರ ಹತ್ತಿರ 1000 ಮೀಟರ್. ಗಾಡಿಯ ಸ್ವಂತ ತೂಕ 1.7 ಟನ್, ಮೇಲೆ ಲೋಡು 1.5 ಟನ್ ಅಂದುಕೊಳ್ಳಿ, ಒಟ್ಟು 3.2 ಟನ್. ಎತ್ತರಕ್ಕೆ ಎತ್ತುವುದಕ್ಕೇ ಸುಮಾರು ಮೂರು ಲೀಟರ್ ಹೋಯಿತು. ಟೈರು ಉರುಳುವುದಕ್ಕೆ, ಗಾಳಿ ಸೀಳುವುದಕ್ಕೆ ಬೇರೆ. ಅದೇ ಲೋಡು ಕುಶಾಲನಗರದಿಂದ ಮಡಿಕೇರಿಗೆ ತಂದರೆ ಏರು ಸುಮಾರು 300 ಮೀಟರ್ ಮಾತ್ರ, ಎತ್ತುವ ಖರ್ಚು ಒಂದು ಲೀಟರ್ ಆಸುಪಾಸು. ಎರಡೂ 30 ಕಿಮೀ ಒಳಗೆ ಹೊರಗೆ ಇರುವ ರಸ್ತೆಗಳೇ, ಆದರೆ ಖರ್ಚು ಎಷ್ಟು ಬೇರೆ ನೋಡಿ. ಈ ಖರ್ಚನ್ನು ಯಾವ ಎಣ್ಣೆಯೂ, ಯಾವ ಟ್ಯಾಂಕಿಗೆ ಹಾಕುವ ಬಾಟಲಿಯೂ ಕಡಿಮೆ ಮಾಡುವುದಿಲ್ಲ.

ಕಡಿಮೆ ಮಾಡಲು ಆಗುವುದು ತೂಕವನ್ನು. ನಮ್ಮ ತೋಟದ ಗಾಡಿಗಳ ಹಿಂದೆ ಏನೆಲ್ಲ ಬಿದ್ದಿರುತ್ತದೆ ಅಂತ ಒಮ್ಮೆ ಇಳಿಸಿ ತೂಗಿ ನೋಡಿ. ಹಳೆ ಸ್ಪ್ರಿಂಕ್ಲರ್ ಪೈಪಿನ ತುಂಡು, ಜಾಕಿ ಎರಡು, ಕಬ್ಬಿಣದ ಸರಪಳಿ, ಒದ್ದೆ ಟಾರ್ಪಾಲು, ಅರ್ಧ ಚೀಲ ಸುಣ್ಣ. ನಮ್ಮದರಲ್ಲಿ ಒಮ್ಮೆ ತೂಗಿದಾಗ 140 ಕೆಜಿ ಬಂತು. ವರ್ಷಪೂರ್ತಿ ಅದನ್ನು ಸುಮ್ನೆ ಗುಡ್ಡ ಹತ್ತಿಸಿ ಇಳಿಸುತ್ತಿದ್ದೆವು.

ಲೋಡಿನ ವಿಷಯದಲ್ಲೂ ಅಷ್ಟೇ. 1.7 ಟನ್ ಪೇಲೋಡಿನ (ಹೊರಬಹುದಾದ ತೂಕದ) ಪಿಕಪ್ ಅಂದರೆ 50 ಕೆಜಿಯ 34 ಚೀಲ, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಅದರಲ್ಲೂ ಕ್ಯಾಬಿನ್ನಿನಲ್ಲಿ ಕೂತವರ ತೂಕ, ನೀವು ಆಮೇಲೆ ಕಟ್ಟಿಸಿದ ಕಬ್ಬಿಣದ ಗ್ರಿಲ್ಲಿನ ತೂಕ ಕಳೆಯಬೇಕು. ಕಣದಲ್ಲಿ ಲೋಡು ಮಾಡುವಾಗ "ಇನ್ನು ಆರು ಚೀಲ ಹಾಕೋಣ ಅಣ್ಣ, ಎರಡನೇ ಟ್ರಿಪ್ ಉಳಿಯುತ್ತೆ" ಅನ್ನುತ್ತಾರೆ. ಟ್ರಿಪ್ ಉಳಿಯುತ್ತದೆ ನಿಜ. ಆದರೆ 40 ಚೀಲ ಅಂದರೆ 300 ಕೆಜಿ ಹೆಚ್ಚು, ಅದು ಕ್ಲಚ್ ಪ್ಲೇಟು, ಪಟ್ಟಾ ಸ್ಪ್ರಿಂಗು, ಬ್ರೇಕ್ ಲೈನರ್ ಮೇಲೆ ಬೀಳುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮೇಲೆ 2,000 ಅಂತ ಇಟ್ಟಿದ್ದಾರೆ. ಆರ್‌ಸಿ ತೆಗೆದು ನೋಡಿ, ಖಾಲಿ ತೂಕ ಮತ್ತು ಒಟ್ಟು ತೂಕ ಎರಡೂ ಬರೆದಿರುತ್ತದೆ.

ಈಗ ಏರು ಹತ್ತುವುದು. ಟರ್ಬೊ ಡೀಸೆಲ್ ಇಂಜಿನ್ನಿಗೆ ಎಳೆತ ಚೆನ್ನಾಗಿ ಇರುವುದು ಸಾಮಾನ್ಯವಾಗಿ 1500ರಿಂದ 2500 ಆರ್‌ಪಿಎಂ ನಡುವೆ. ಮೈಲೇಜ್ ಬರಲಿ ಅಂತ ಟಾಪ್ ಗೇರಿನಲ್ಲೇ ಹಿಡಿದು, ಇಂಜಿನ್ ಗುದ್ದಿಕೊಳ್ಳುತ್ತಿದ್ದರೂ ಆಕ್ಸಿಲರೇಟರ್ ನೆಲಕ್ಕೆ ಒತ್ತುವವರು ತುಂಬಾ ಜನ ಇದ್ದಾರೆ, ಅದರಿಂದ ಉಳಿತಾಯ ಏನೂ ಆಗುವುದಿಲ್ಲ, ಹಿಂದಿನಿಂದ ಕಪ್ಪು ಹೊಗೆ ಬರುತ್ತದೆ ಅಷ್ಟೇ, ಆ ಹೊಗೆಯೇ ಪೂರ್ತಿ ಉರಿಯದ ನಿಮ್ಮ ಡೀಸೆಲ್. ತಿರುವು ಬರುವ ಮೊದಲೇ ಗೇರು ಇಳಿಸಿ. ತಿರುವಿನ ಮಧ್ಯದಲ್ಲಿ ಇಳಿಸಲು ಹೋದರೆ ಓಟ ಸತ್ತುಹೋಗುತ್ತದೆ, ಮತ್ತೆ ಫಸ್ಟಿಗೆ ಬಂದು ಅರ್ಧ ಕ್ಲಚ್ಚಿನಲ್ಲಿ ಎಬ್ಬಿಸಬೇಕು. ಮುಂದೆ ಲಾರಿ ಇದ್ದರೆ ಅದರ ಬಾಲ ಹಿಡಿಯಬೇಡಿ, 50 ಮೀಟರ್ ಬಿಟ್ಟು ಒಂದೇ ಸಮನೆ ಹತ್ತಿ. ನಿಂತು ಹೊರಡುವುದರಲ್ಲೇ ಡೀಸೆಲ್ ಹೋಗುವುದು. ತೋಟದ ಕೆಸರಿಗೆ ಹಾಕಿದ ಫೋರ್ ವೀಲನ್ನು ಟಾರು ರಸ್ತೆಗೆ ಬಂದ ಕೂಡಲೇ ಬಿಡಿಸಿ, ಮರೆತು ಹಾಗೇ ಮಾದಾಪುರದವರೆಗೆ ಹೋದವರನ್ನು ಕಂಡಿದ್ದೇನೆ.

ಇಳಿಜಾರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ದಯವಿಟ್ಟು ನ್ಯೂಟ್ರಲ್ ಹಾಕಿ ಇಳಿಯಬೇಡಿ. ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಹಳೇ ಪಂಪಿನ ಕಾಲದ್ದು. ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಡೀಸೆಲನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆಫ್ ಆಗದಂತೆ ಐಡ್ಲಿಂಗಿಗೆ ಡೀಸೆಲ್ ಹೋಗುತ್ತಲೇ ಇರುತ್ತದೆ. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ. ಕೀ ಆಫ್ ಮಾಡುವುದಂತೂ ಬೇಡವೇ ಬೇಡ, ಬ್ರೇಕ್ ಬೂಸ್ಟರ್ ಸತ್ತು ಪೆಡಲ್ ಕಲ್ಲಾಗುತ್ತದೆ.

ಅದೇ ಲೆಕ್ಕವನ್ನು ತಿರುಗಿಸಿ ನೋಡಿ. 3.2 ಟನ್ ಗಾಡಿ 1000 ಮೀಟರ್ ಕೆಳಗಿಳಿದರೆ 31 ಮೆಗಾಜೂಲ್ ಎಲ್ಲಾದರೂ ಹೋಗಲೇಬೇಕು. ಬ್ರೇಕಿನಿಂದಲೇ ಹಿಡಿದು ಇಳಿದರೆ ಹೆಚ್ಚಿನ ಪಾಲು ಡಿಸ್ಕು, ಡ್ರಮ್ಮಿಗೆ ಹೋಗುತ್ತದೆ. 90 ಲೀಟರ್ ತಣ್ಣೀರನ್ನು ಕುದಿಸುವಷ್ಟು ಬಿಸಿ ಅದು, ಬಚ್ಚಲ ಹಂಡೆಯ ಕೆಳಗೆ ಎಷ್ಟು ಸೌದೆ ಉರಿಸುತ್ತೀರಿ ಅಂತ ಯೋಚಿಸಿ. ಏಳು ವರ್ಷದ ಹಿಂದೆ ನಾನು ಶುಂಠಿ ಲೋಡು ಹಾಕಿಕೊಂಡು ಸುಳ್ಯ ಕಡೆಗೆ ಇಳಿಯುವಾಗ ಮದೆನಾಡು ದಾಟಿದ ಮೇಲೆ ಸುಟ್ಟ ವಾಸನೆ ಬರಲು ಶುರುವಾಯಿತು. ಮುಂದಿನ ಗಾಡಿಯದ್ದು ಅಂದುಕೊಂಡೆ. ಎರಡು ತಿರುವು ಕಳೆದು ಪೆಡಲ್ ಒತ್ತಿದರೆ ಕಾಲು ಸೀದಾ ಕೆಳಗೆ ಹೋಯಿತು. ಸೆಕೆಂಡಿಗೆ ಹಾಕಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು, ಗುಡ್ಡದ ಕಡೆಯ ಚರಂಡಿಗೆ ಎಡ ಚಕ್ರ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ತಮ್ಮ ಕೂತಿದ್ದ. ಇಬ್ಬರೂ ಅರ್ಧ ಗಂಟೆ ಮಾತಾಡಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ, ಕುದ್ದು ಗುಳ್ಳೆ ಬಂದರೆ ಪೆಡಲಿಗೆ ಒತ್ತಡವೇ ಇರುವುದಿಲ್ಲ. ನಾನು ನಾಲ್ಕು ವರ್ಷದಿಂದ ಆಯಿಲ್ ಬದಲಿಸಿರಲಿಲ್ಲ. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಆದ್ದರಿಂದ ಹತ್ತಿದ ಗೇರಿನಲ್ಲೇ ಇಳಿಯಿರಿ. ಸೆಕೆಂಡಿನಲ್ಲಿ ಹತ್ತಿದ್ದರೆ ಸೆಕೆಂಡಿನಲ್ಲಿ. ಬ್ರೇಕನ್ನು ಸುಮ್ಮನೆ ಒತ್ತಿ ಹಿಡಿದುಕೊಂಡೇ ಇರಬೇಡಿ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಆರಲು ಬಿಡಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕೇರಳಕ್ಕೆ ಹೋಗುವವರಿಗೂ ಇದೇ ಮಾತು.

ಇನ್ನು ಟ್ರೈಲರ್. ಅಮೆರಿಕದ ದೊಡ್ಡ ಪಿಕಪ್‌ಗಳ ವಿಡಿಯೋ ನೋಡಿ ನಮ್ಮ ಹುಡುಗರು ಕೇಳುತ್ತಾರೆ, ಅವು ಅಷ್ಟು ಎಳೆಯುತ್ತವಲ್ಲ, ನಮ್ಮದು ಯಾಕೆ ಎಳೆಯಬಾರದು ಅಂತ. ಫೋರ್ಡ್‌ನ 2023ರ ಸೂಪರ್ ಡ್ಯೂಟಿ ಪಿಕಪ್ ಸರಿಯಾದ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಇದ್ದರೆ 40,000 ಪೌಂಡ್, ಅಂದರೆ ಸುಮಾರು 18 ಟನ್ ಎಳೆಯುತ್ತದೆ ಅಂತ ಕಂಪನಿಯೇ ಹೇಳಿದೆ. ಅಲ್ಲಿ ಒಟ್ಟು ತೂಕ 8,500 ಪೌಂಡ್, ಅಂದರೆ ಸುಮಾರು 3,850 ಕೆಜಿ, ದಾಟಿದ ಪಿಕಪ್‌ಗೆ ಸರ್ಕಾರಿ ಮೈಲೇಜ್ ಚೀಟಿಯೇ ಅಂಟಿಸುವುದಿಲ್ಲ, ಹಾಗಾಗಿ ಅದರ ಮಾಲೀಕರೂ ನಮ್ಮ ಹಾಗೆಯೇ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಬೇಕು. ಎಳೆಯುವ ತಾಕತ್ತು ಅಳೆಯಲು ಅವರ ಎಸ್‌ಎಇ ಜೆ2807 ಎಂಬ ಮಾನದಂಡ ಇದೆ, ಅದರಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರಿನ ಲೆಕ್ಕ ಇಟ್ಟಿದ್ದಾರೆ, ಸುಮಾರು 18 ಕಿಮೀಯಲ್ಲಿ 900 ಮೀಟರ್ ಹತ್ತಬೇಕು, 38 ಡಿಗ್ರಿ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ವೇಗ ತೀರಾ ಬೀಳದಂತೆ. ನಮ್ಮ ಸಂಪಾಜೆ ಏರಿನಷ್ಟೇ ಎತ್ತರ ಅಂತ ಓದಿದಾಗ ನನಗೆ ಖುಷಿಯಾಗಿತ್ತು.

ಆದರೆ ನಮಗೆ ಬೇಕಾದ ಅಂಕಿ ಬೇರೆ ಕಡೆ ಇದೆ. ನಮ್ಮಲ್ಲೂ ಮಾರುವ ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ಹೆಸರಿನ ಗಾಡಿಗಳಿಗೆ ಆಸ್ಟ್ರೇಲಿಯಾದಲ್ಲಿ, ಬಹುಪಾಲು ಮಾಡೆಲ್‌ಗಳಿಗೆ, ಬ್ರೇಕ್ ಇರುವ ಟ್ರೈಲರಾದರೆ 3,500 ಕೆಜಿ, ಬ್ರೇಕ್ ಇಲ್ಲದ ಟ್ರೈಲರಾದರೆ 750 ಕೆಜಿ ಅಂತ ಮಿತಿ. ಇಂಜಿನ್ ಅದೇ, ಎಳೆತ ಅದೇ, ಆದರೆ ಮಿತಿ ಐದರಲ್ಲಿ ಒಂದು ಪಾಲಿಗಿಂತಲೂ ಒಂದಿಷ್ಟು ಮಾತ್ರ ಹೆಚ್ಚು. ನಮ್ಮ ತೋಟಗಳಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಟ್ರೈಲರ್‌ಗಳಲ್ಲಿ ಬ್ರೇಕ್ ಇರುವುದು ಎಷ್ಟಕ್ಕೆ? ಟ್ರ್ಯಾಕ್ಟರ್ ಹಿಂದೆ 20 ಕಿಮೀ ವೇಗದಲ್ಲಿ ಹೋಗುತ್ತಿದ್ದ ಟ್ರೈಲರನ್ನು ತಂದು ಪಿಕಪ್‌ಗೆ ಕಟ್ಟಿ ಘಾಟಿಗೆ ಬಿಡಬೇಡಿ. ರಸ್ತೆಗೆ ತರುವುದಾದರೆ ಅದಕ್ಕೂ ಪ್ರತ್ಯೇಕ ನೋಂದಣಿ ಬೇಕು, ಬ್ರೇಕು, ಹಿಂದಿನ ಲೈಟು, ಇಂಡಿಕೇಟರ್ ಬೇಕು. ಕಂಪನಿ ನಿಮ್ಮ ಮಾಡೆಲಿಗೆ ಎಳೆಯುವ ತೂಕ ಕೊಟ್ಟಿಲ್ಲದಿದ್ದರೆ ಎಳೆಯಬೇಡಿ, ಹಿಂದಿನ ಬಂಪರ್ ಎಳೆಯಲು ಮಾಡಿದ್ದಲ್ಲ.

ಕಟ್ಟುವ ಕ್ರಮ ಹೀಗೆ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹಿಚ್ಚಿನ ಮೇಲೆ ಕೂರಬೇಕು. 1000 ಕೆಜಿ ಟ್ರೈಲರಿಗೆ 100ರಿಂದ 150 ಕೆಜಿ. ಅಳೆಯಲು ಕಾಫಿ ತೂಗುವ ಸ್ಕೇಲೇ ಸಾಕು: ಸಮತಟ್ಟು ಕಣದಲ್ಲಿ ಟ್ರೈಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಸ್ಕೇಲಿನ ಮೇಲೆ ಮರದ ದಿಮ್ಮಿ ಇಟ್ಟು, ಹಿಚ್ ಇರುವ ಎತ್ತರಕ್ಕೇ ಟ್ರೈಲರಿನ ಮೂತಿಯನ್ನು, ಅಂದರೆ ಹಿಚ್ಚಿಗೆ ಸಿಕ್ಕಿಸುವ ಮುಂದಿನ ತುದಿಯನ್ನು, ಅದರ ಮೇಲೆ ಕೂರಿಸಿ ಓದಿ. ಕಡಿಮೆ ಬಂದರೆ ಚೀಲಗಳನ್ನು ಆಕ್ಸಲಿನಿಂದ ಮುಂದಕ್ಕೆ ಸರಿಸಿ. ಮೂತಿ ಹಗುರ ಇದ್ದರೆ ಟ್ರೈಲರ್ ಹಾವಿನ ಹಾಗೆ ಆಡಲು ಶುರುಮಾಡುತ್ತದೆ, ಆಗ ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ ಆಗುತ್ತದೆ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಬೇಕು. ಮೂತಿಯ ಈ ತೂಕ ಪಿಕಪ್ಪಿನ ಪೇಲೋಡಿನಲ್ಲೇ ಸೇರುತ್ತದೆ, ಅಂದರೆ 34 ಚೀಲದಲ್ಲಿ ಮೂರು ಇಳಿಸಿಬಿಡಿ. ಎರಡು ಸೇಫ್ಟಿ ಸರಪಳಿಯನ್ನು ಮೂತಿಯ ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಕಿ ಕಟ್ಟಿ, ಹಿಚ್ ಕಳಚಿದರೂ ಮೂತಿ ನೆಲಕ್ಕೆ ಬೀಳುವುದಿಲ್ಲ. ತಿರುವಿನಲ್ಲಿ ಟ್ರೈಲರ್ ಒಳಗೆ ಕೊಯ್ದುಕೊಂಡು ಬರುತ್ತದೆ, ಜಾಗ ಬಿಟ್ಟು ತಿರುಗಿಸಿ.

ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಇದ್ದವರಿಗೆ ಒಂದು ಮಾತು. ಕಣದಿಂದ ಗೋಡೌನಿಗೆ, ಗೋಡೌನಿನಿಂದ ಲೈನ್ ಮನೆಗೆ ಅಂತ ಎರಡು ಮೂರು ಕಿಮೀ ಮಾತ್ರ ಓಡಿಸುತ್ತಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ, ಅದನ್ನು ಸುಡಲು ಗಾಡಿ ಹೆಚ್ಚು ಡೀಸೆಲ್ ಕುಡಿಯುತ್ತದೆ, ಸುಟ್ಟು ಮುಗಿಯುವ ಮೊದಲೇ ನೀವು ಆಫ್ ಮಾಡುತ್ತೀರಿ. ವಾರಕ್ಕೊಮ್ಮೆ ಕುಶಾಲನಗರದವರೆಗಾದರೂ ಒಂದೇ ಸಮನೆ ಓಡಿಸಿಕೊಂಡು ಬನ್ನಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ, ಲೋಡಿಗೆ ಹಿಂದಿನ ಟೈರಿಗೆ ಎಷ್ಟು ಅಂತ ಬಾಗಿಲಿನ ಚೀಟಿಯಲ್ಲೇ ಇರುತ್ತದೆ. ಟಾರ್ಪಾಲನ್ನು ಬಿಗಿಯಾಗಿ ಕಟ್ಟಿ. ಹುಣಸೂರು ರಸ್ತೆಯಲ್ಲಿ 60ಕ್ಕೆ ಹೋಗುವವರು 80ಕ್ಕೆ ಹೋದರೆ ಗಾಳಿಯ ತಡೆ ಮುಕ್ಕಾಲು ಪಾಲು ಜಾಸ್ತಿಯಾಗುತ್ತದೆ, ಪಟಪಟ ಹೊಡೆದುಕೊಳ್ಳುವ ಟಾರ್ಪಾಲು ಇದ್ದರೆ ಇನ್ನೂ ಹೆಚ್ಚು.

ಘಾಟಿ ಇಳಿದ ಮೇಲೆ ಚಹಾ ಕುಡಿಯಲು ನಿಲ್ಲಿಸುತ್ತೀರಲ್ಲ, ಆಗ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಮುಂದಿನ ಎರಡು ಹಿಂದಿನದ್ದಕ್ಕಿಂತ ಬಿಸಿ ಇರುವುದು ಸಹಜ. ಆದರೆ ಒಂದು ಚಕ್ರ ಮಾತ್ರ ತನ್ನ ಜೋಡಿ ಚಕ್ರಕ್ಕಿಂತ ಬಹಳ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ನಮ್ಮದು ಎರಡು ವರ್ಷದ ಹಿಂದೆ ಲೀಟರಿಗೆ 11ರಿಂದ 9ಕ್ಕೆ ಇಳಿದಿತ್ತು, ಫಿಲ್ಟರ್, ಇಂಜೆಕ್ಟರ್ ಎಲ್ಲ ತೋರಿಸಿದೆವು. ಕೊನೆಗೆ ಸಿಕ್ಕಿದ್ದು ಹಿಂದಿನ ಬಲ ಚಕ್ರದಲ್ಲಿ ವಾಪಸ್ ಬಾರದ ಹ್ಯಾಂಡ್ ಬ್ರೇಕ್ ಕೇಬಲ್. ಅದನ್ನು ಬದಲಿಸಿದ ಮೇಲಿನ ಟ್ಯಾಂಕಿನಲ್ಲಿ ಮತ್ತೆ 11 ಬಂತು.