ವೋಲ್ಟ್ ಮತ್ತು ಆಂಪಿಯರ್ ಗೊತ್ತಿದ್ರೆ ಸಾಕು, ಉಳಿದ ಎರಡೂ ಸಿಗುತ್ತವೆ

ಯಾವ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ) ಹಾಕಬೇಕು ಅಂತ ಅಂದಾಜಿನ ಮೇಲೆ ಹೋಗಬೇಡಿ, ಲೆಕ್ಕ ಸುಲಭ ಇದೆ. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೋಧ, ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಪವರ್, ವ್ಯಾಟ್‌ನಲ್ಲಿ. 12 ವೋಲ್ಟ್ ಬಲ್ಬು 2 ಆಂಪಿಯರ್ ಎಳೆದರೆ 6 ಓಮ್, 24 ವ್ಯಾಟ್. ಅಷ್ಟೇ.

ಜಾಸ್ತಿ ಜನ ಎಡವೋದು ಮಿಲಿಆಂಪಿಯರ್‌ನಲ್ಲಿ. 20 ಮಿಲಿಆಂಪಿಯರ್ ಅಂದ್ರೆ 0.02 ಆಂಪಿಯರ್, ಮೊದಲು ಹಾಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ. ಉದಾಹರಣೆಗೆ 12 ವೋಲ್ಟ್‌ಗೆ 20 ಮಿಲಿಆಂಪಿಯರ್‌ನ ಕೆಂಪು ಎಲ್‌ಇಡಿ ಹಾಕ್ತೀರಿ ಅಂದುಕೊಳ್ಳಿ. ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳ್ಳುತ್ತದೆ, ರೆಸಿಸ್ಟರ್ ಮೇಲೆ ಉಳಿಯೋದು 10 ವೋಲ್ಟ್. ಪೂರ್ತಿ 12 ಹಾಕಿ ಲೆಕ್ಕ ಮಾಡಬಾರದು. 10 ಭಾಗಿಸು 0.02, ಅಂದ್ರೆ 500 ಓಮ್, ಅಂಗಡಿಯಲ್ಲಿ ಸಿಗೋ ಹತ್ತಿರದ್ದು 510, ಅದೇ ಸಾಕು. ಪವರ್ 0.2 ವ್ಯಾಟ್. ಕಾಲು ವ್ಯಾಟ್ ರೆಸಿಸ್ಟರ್ ಸಾಕು ಅನ್ನಿಸಬಹುದು, ಆದ್ರೆ ಅದು ಚೆನ್ನಾಗಿ ಬಿಸಿಯಾಗುತ್ತದೆ, ನಾನಂತೂ ಯಾವಾಗಲೂ ಅರ್ಧ ವ್ಯಾಟಿನದ್ದನ್ನೇ ಹಾಕೋದು.

ಇನ್ನೊಂದು ಮಾತು. ಹಳೇ ತಂತಿ ಬಲ್ಬಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ಸುಮ್ನೆ ಅಳೆದರೆ ಲೆಕ್ಕಕ್ಕಿಂತ ತುಂಬಾ ಕಡಿಮೆ ಬರುತ್ತದೆ. ಮೀಟರ್ ಕೆಟ್ಟಿಲ್ಲ, ತಂತಿ ತಣ್ಣಗಿದೆ, ಉರಿಯುವಾಗ ರೋಧ ಸುಮಾರು ಹತ್ತು ಪಟ್ಟು ಏರುತ್ತದೆ. ಹಾಗಾಗಿ ಉರಿಯುತ್ತಿರುವಾಗಿನ ವೋಲ್ಟೇಜ್, ಕರೆಂಟ್ ಹಿಡಿದೇ ಲೆಕ್ಕ ಮಾಡಿ.

ಕರೆಂಟ್ ಅಳೆಯುವಾಗ ಮೀಟರ್ ಸರಣಿಯಲ್ಲೇ ಇರಲಿ, ಅಂದ್ರೆ ಬಲ್ಬಿಗೆ ಹೋಗೋ ಕರೆಂಟ್ ಮೀಟರ್ ಮೂಲಕವೇ ಹರಿಯಬೇಕು. ಆಂಪಿಯರ್ ಸೆಟ್ಟಿಂಗ್‌ನಲ್ಲಿಟ್ಟು ಬ್ಯಾಟರಿಯ ಎರಡು ತುದಿಗೆ ನೇರ ಮುಟ್ಟಿಸಿದರೆ ಶಾರ್ಟ್ ಆಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ.