ಆಕೆ ಹೀಗಂದರು, ಅವರು ಹಾಗಂದರು: ಯಾವ ಮಾತಿಗೆ ಎಷ್ಟು ತೂಕ?

ಬೆಳಿಗ್ಗೆ ಕಿರುಕುಳದ ಆರೋಪ ಹೊತ್ತ ನಟಿಯ ಪೋಸ್ಟ್, ಮಧ್ಯಾಹ್ನ ನಿರ್ದೇಶಕರ ಪತ್ರಿಕಾಗೋಷ್ಠಿ, ಸಂಜೆ ಫಿಲಂ ಚೇಂಬರ್‌ನಲ್ಲಿ ಸಂಧಾನವಂತೆ ಎಂಬ ಫ್ಲ್ಯಾಶ್ ನ್ಯೂಸ್. ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಮನೆಯೊಳಗೇ ಎರಡು ಪಕ್ಷ. ಗಾಂಧಿನಗರದ ಇಂಥ ಜಗಳದಲ್ಲಿ ಪಕ್ಷ ಕಟ್ಟುವ ಮೊದಲು ಒಂದು ನೋಟ್‌ಬುಕ್ ಮತ್ತು ಅರ್ಧ ಗಂಟೆ ಎತ್ತಿಡಿ.

ಮೊದಲು ಆರೋಪವನ್ನು ಬಿಡಿಸಿ

ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನು ಹೇಳಿದರು, ಯಾರು, ಯಾವತ್ತು, ಎಲ್ಲಿ. ಒಂದು ಸಾಲಿಗೆ ಒಂದೇ ಮಾತು. ಉದಾಹರಣೆಗೆ, ‘ಔಟ್‌ಡೋರ್‌ನಲ್ಲಿ ರಿಹರ್ಸಲ್ ನೆಪ ಮಾಡಿ ಮೈ ಮುಟ್ಟಿದರು, ಮ್ಯಾನೇಜರ್‌ಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ, ಆಮೇಲೆ ಪೇಮೆಂಟ್ ತಡೆದರು’ ಎಂಬ ದೂರು ಬಂತು ಅಂದುಕೊಳ್ಳಿ. ಇದು ಒಂದಲ್ಲ, ಮೂರು ಸಾಲು. ನಿರ್ಮಾಪಕರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ‘ಪೂರ್ತಿ ದುಡ್ಡು ಕೊಟ್ಟಿದ್ದೇವೆ’ ಎಂದರೆ ಹೋಗುವುದು ಮೂರನೇ ಸಾಲು ಮಾತ್ರ. ಮೊದಲೆರಡು ಇದ್ದಲ್ಲೇ ಇವೆ. ಹಾಗೆಯೇ ಪೇಮೆಂಟ್ ನಿಜಕ್ಕೂ ಬಾಕಿ ಇದ್ದರೆ ಅದರಿಂದ ಮೊದಲ ಸಾಲು ಸಾಬೀತಾಗುವುದಿಲ್ಲ. ಬಹುಪಾಲು ಜನ ಎಡವುವುದು ಇಲ್ಲೇ.

‘ಆಕೆ ಮೊದಲಿಂದಲೂ ಕಿರಿಕ್’, ‘ಅವರು ನೂರಾರು ಜನಕ್ಕೆ ಅನ್ನ ಹಾಕಿದವರು’ ಎಂಬ ಮಾತುಗಳೂ ಬರುತ್ತವೆ. ಅವಕ್ಕೆ ಕಾಲಂ ಇಲ್ಲ. ಮಾರ್ಜಿನ್‌ನಲ್ಲಿ ಬರೆದುಕೊಂಡು ಮುಂದೆ ಹೋಗಿ.

ಎಲ್ಲಿ ಹೇಳಿದ್ದು ಎಂಬ ಕಾಲಂ

ಮೈಕಿನ ಮುಂದೆ ಕೊಟ್ಟ ಬೈಟ್‌ಗೂ ಸಹಿ ಹಾಕಿದ ದೂರಿಗೂ, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಗೂ ತೂಕ ಬೇರೆ. ಸುಳ್ಳಾದರೆ ಹೇಳಿದವರಿಗೆ ಏನು ನಷ್ಟ ಎಂಬುದೇ ಇಲ್ಲಿ ತಕ್ಕಡಿ. ‘ಆಪ್ತ ಮೂಲಗಳ ಪ್ರಕಾರ’ ಎಂದು ಶುರುವಾಗುವ ಮಾತಿಗೆ ಹೊಣೆಗಾರರೇ ಇರುವುದಿಲ್ಲ.

‘ಸಮಿತಿ ನನಗೆ ಕ್ಲೀನ್ ಚಿಟ್ ಕೊಟ್ಟಿದೆ’ ಎಂದರೆ ಯಾವ ಸಮಿತಿ ಎಂದು ಕೇಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಜತೆಗೆ ಹೊರಗಿನ ಒಬ್ಬ ಸದಸ್ಯರು. ದೂರು ಮಾಲೀಕರ ಮೇಲೆಯೇ ಇದ್ದರೆ ಅದು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಚೇಂಬರ್ ಪದಾಧಿಕಾರಿಗಳು ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ಸಂಧಾನ, ಈ ಕಾಯ್ದೆಯ ವಿಚಾರಣೆ ಅಲ್ಲ. ಇನ್ನೊಂದು ಮಾತು: ದೂರಿನ ವಿವರ, ಹೆಸರು, ವಿಚಾರಣೆಯ ಸಂಗತಿಗಳನ್ನು ಬಹಿರಂಗ ಮಾಡಬಾರದು ಎಂದು ಕಾಯ್ದೆಯ 16ನೇ ಸೆಕ್ಷನ್ನೇ ಹೇಳುತ್ತದೆ. ಸಮಿತಿ ಬಾಯಿ ಬಿಡದಿದ್ದರೆ ಏನನ್ನೋ ಮುಚ್ಚಿಡುತ್ತಿದೆ ಎಂದುಕೊಳ್ಳಬೇಡಿ.

ಕೋರ್ಟು, ಠಾಣೆಯ ಕಾಗದ ಓದುವ ಬಗೆ

ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ. ಚಾರ್ಜ್‌ಶೀಟ್ ಎಂದರೆ ವಿಚಾರಣೆ ನಡೆಸುವಷ್ಟು ಸಾಕ್ಷ್ಯ ಇದೆ ಎಂಬುದು ಪೊಲೀಸರ ಅಭಿಪ್ರಾಯ. ಬಿ ರಿಪೋರ್ಟ್ (ಕೇಸು ಮುಂದುವರಿಸಲು ಆಧಾರವಿಲ್ಲ ಎಂದು ಪೊಲೀಸರು ಕೋರ್ಟಿಗೆ ಕೊಡುವ ವರದಿ) ಬಂದ ದಿನ ‘ಸುಳ್ಳು ಕೇಸ್ ಬಯಲು’ ಎಂದು ಕಿರುಚುವವರನ್ನು ನಂಬಬೇಡಿ. ಸಾಕ್ಷ್ಯ ಸಾಲದೆ ಸಲ್ಲಿಸಿದ್ದಕ್ಕೂ ದೂರೇ ಸುಳ್ಳು ಎಂದು ಸಲ್ಲಿಸಿದ್ದಕ್ಕೂ ವ್ಯತ್ಯಾಸವಿದೆ; ಕಾರಣದ ಪ್ಯಾರಾ ಓದಿ. ದೂರುದಾರರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಕೋರ್ಟು ಒಪ್ಪದೆಯೂ ಇರಬಹುದು. ಆಂತರಿಕ ಸಮಿತಿಯ ಮಟ್ಟದಲ್ಲೂ, ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರರ ಮೇಲೆ ಕ್ರಮ ಜರುಗಿಸುವಂತಿಲ್ಲ.

ಹೆಚ್ಚು ದಾರಿ ತಪ್ಪಿಸುವುದು ಸಿಟಿ ಸಿವಿಲ್ ಕೋರ್ಟಿನ ತಡೆಯಾಜ್ಞೆ. ‘ಆರೋಪ ಪ್ರಸಾರ ಮಾಡಬಾರದು’ ಎಂಬ ಆದೇಶವನ್ನು ಗೆದ್ದ ಪತ್ರದಂತೆ ತೋರಿಸುತ್ತಾರೆ. ಎದುರು ಪಕ್ಷವನ್ನು ಕೇಳದೆ ಕೊಟ್ಟ ಮಧ್ಯಂತರ ಆದೇಶವೇ ಎಂದು ನೋಡಿ. ಹಾಗಿದ್ದರೆ ಆರೋಪದ ಸತ್ಯಾಸತ್ಯದ ಬಗ್ಗೆ ಅದು ಏನನ್ನೂ ತೀರ್ಮಾನಿಸಿರುವುದಿಲ್ಲ. ಮಾಧ್ಯಮದ ಮೇಲೆ ಹೀಗೆ ಏಕಪಕ್ಷೀಯ ತಡೆ ಹೇರುವಾಗ ಅತಿ ಎಚ್ಚರ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೇಳಿದೆ. ಹೈಕೋರ್ಟ್ ತನಿಖೆಗೆ ‘ತಡೆ’ ಕೊಡುವುದೂ ಕೇಸು ‘ರದ್ದು’ ಮಾಡುವುದೂ ಒಂದೇ ಅಲ್ಲ. ಶೀರ್ಷಿಕೆ ಬರೆಯುವವರ ಕೈಯಲ್ಲಿ ಎರಡೂ ‘ಬಿಗ್ ರಿಲೀಫ್’.

ಅಮೆರಿಕದ ನಟಿ ಬ್ಲೇಕ್ ಲೈವ್ಲಿ ಮತ್ತು ‘ಇಟ್ ಎಂಡ್ಸ್ ವಿತ್ ಅಸ್’ ಸಿನಿಮಾದಲ್ಲಿ ಆಕೆಯನ್ನು ನಿರ್ದೇಶಿಸಿದ ಜಸ್ಟಿನ್ ಬಾಲ್ಡೋನಿ ನಡುವಿನ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. 2024ರ ಡಿಸೆಂಬರ್‌ನಲ್ಲಿ ನಟಿ ಕಿರುಕುಳದ ದೂರು ಕೊಟ್ಟರು, ಮರುತಿಂಗಳು ನಿರ್ದೇಶಕರು ಮಾನನಷ್ಟವಾಯಿತೆಂದು ಆಕೆಯ ಮೇಲೆ 40 ಕೋಟಿ ಡಾಲರ್‌ನ ಮೊಕದ್ದಮೆ ಹೂಡಿದರು. 2025ರ ಜೂನ್ 9ರಂದು ಅದು ವಜಾ ಆಯಿತು. ‘ನಟಿ ಗೆದ್ದರು, ಆರೋಪ ನಿಜ’ ಎಂದು ಕುಣಿದವರು ಆದೇಶ ಓದಿರಲಿಲ್ಲ: ಸರ್ಕಾರಿ ಇಲಾಖೆಗೆ ಕೊಟ್ಟ ದೂರಿನಲ್ಲಿನ ಮಾತಿಗೆ ಕಾನೂನಿನ ರಕ್ಷಣೆ ಇದೆ ಎಂಬುದು ಒಂದು ಮುಖ್ಯ ಕಾರಣವಾಗಿತ್ತು. ಸೆಟ್ಟಿನಲ್ಲಿ ಏನು ನಡೆಯಿತು ಎಂಬುದನ್ನು ಆ ಆದೇಶ ತೀರ್ಮಾನಿಸಲಿಲ್ಲ.

ಸ್ಕ್ರೀನ್‌ಶಾಟ್, ವಿಡಿಯೊ

ಅದೇ ಪ್ರಕರಣದಲ್ಲಿ ಬಾಲ್ಡೋನಿಯ ಪ್ರಚಾರ ತಂಡದವರ ಮೆಸೇಜ್‌ಗಳು ಹೊರಬಂದವು. ವ್ಯಂಗ್ಯ ಸೂಚಿಸುವ ತಲೆಕೆಳಗಾದ ನಗೆಮುಖದ ಎಮೋಜಿ ಬಿಟ್ಟು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನ್ನು ಉಲ್ಲೇಖಿಸಿದೆ ಎಂಬುದು ಬಾಲ್ಡೋನಿ ಕಡೆಯ ದೂರು. ಒಂದು ಎಮೋಜಿಗೆ ಅರ್ಥವೇ ತಿರುಗಬಹುದು. ಹಾಗಾಗಿ ಯಾವ ಸ್ಕ್ರೀನ್‌ಶಾಟ್ ಆದರೂ ಮೇಲಿನ ತಾರೀಖು, ಹಿಂದಿನ ಎರಡು ಮೆಸೇಜ್, ಮುಂದಿನ ಎರಡು ಮೆಸೇಜ್ ಹುಡುಕಿ. ಕತ್ತರಿಸಿದ್ದರೆ ಆ ಸಾಲಿಗೆ ಪ್ರಶ್ನೆ ಚಿಹ್ನೆ ಹಾಕಿ.

ವಿಡಿಯೊ ಬಂದರೆ ಎಲ್ಲ ಬಗೆಹರಿಯುತ್ತದೆ ಎಂದೂ ಅಲ್ಲ. ಆ ಸಿನಿಮಾದ ನೃತ್ಯದೃಶ್ಯದ ಸುಮಾರು ಹತ್ತು ನಿಮಿಷದ ಚಿತ್ರೀಕರಣವನ್ನು ನಿರ್ದೇಶಕರ ವಕೀಲರೇ ಬಿಡುಗಡೆ ಮಾಡಿದರು. ಇದೇ ನಮ್ಮ ಸಾಕ್ಷಿ ಎಂದು ಎರಡೂ ಕಡೆಯವರು ಹೇಳಿಕೊಂಡರು. ವಿಡಿಯೊವನ್ನು ಮೊದಲು ಮ್ಯೂಟ್ ಮಾಡಿ ನೋಡಿ, ಆಮೇಲೆ ಶಬ್ದದೊಂದಿಗೆ. ಕಂಡದ್ದೇನು, ಅಂದಾಜಿಸಿದ್ದೇನು ಎಂದು ಬೇರೆ ಬೇರೆ ಬರೆಯಿರಿ.

‘ಆಗ ಯಾಕೆ ಹೇಳಲಿಲ್ಲ?’

ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳ ಗಡುವಿದೆ, ಕಾರಣ ಇದ್ದರೆ ಇನ್ನೂ ಮೂರು ತಿಂಗಳು. ಗಡುವು ದಾಟಿತು ಎಂದ ಮಾತ್ರಕ್ಕೆ ಘಟನೆ ಸುಳ್ಳಾಗುವುದಿಲ್ಲ. ಕೇಂದ್ರದ ಮಾಜಿ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಪ್ರಕರಣದಲ್ಲಿ, ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದ ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು ಖುಲಾಸೆ ಮಾಡುತ್ತ, ದಶಕಗಳ ನಂತರವೂ ಮಹಿಳೆ ದೂರು ಹೇಳಿಕೊಳ್ಳಬಹುದು ಎಂದು ದೆಹಲಿ ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ ಹೇಳಿತ್ತು. ತಡವಾದ ದೂರಿನಲ್ಲಿ ಹುಡುಕಬೇಕಾದದ್ದು ಆ ಕಾಲದ ಕುರುಹು: ಅದೇ ರಾತ್ರಿ ಗೆಳತಿಗೆ ಕಳಿಸಿದ ಮೆಸೇಜ್, ಮ್ಯಾನೇಜರ್‌ಗೆ ಹೋದ ಮೇಲ್, ಆ ದಿನದ ಕಾಲ್‌ಶೀಟ್ (ಯಾರು ಯಾವಾಗ ಸೆಟ್ಟಿಗೆ ಬರಬೇಕು ಎಂಬ ಪಟ್ಟಿ). ‘ನಾನು ಆವತ್ತು ಸೆಟ್ಟಿನಲ್ಲೇ ಇರಲಿಲ್ಲ’ ಎನ್ನುವವರಿಗೂ ಕಾಲ್‌ಶೀಟೇ ಪರೀಕ್ಷೆ.

ಇಷ್ಟಾದ ಮೇಲೂ ಕೆಲವು ಸಾಲು ಖಾಲಿ ಉಳಿಯುತ್ತವೆ, ಉಳಿಯಲಿ. ಕೇಸ್ ನಂಬರ್ ಸಿಕ್ಕಿದ್ದರೆ ಹಾಳೆಯ ಮೂಲೆಯಲ್ಲಿ ಅದನ್ನೂ ಮುಂದಿನ ವಿಚಾರಣೆಯ ತಾರೀಖನ್ನೂ ಬರೆದಿಡಿ. ಆ ದಿನ ರಾತ್ರಿ ಚಾನೆಲ್ ಹಾಕುವ ಮೊದಲು ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಹೈಕೋರ್ಟಿನ ಜಾಲತಾಣದಲ್ಲಿ ಆ ನಂಬರ್ ಹಾಕಿ ನೋಡಿ.